ಸಂತರ ಸಾಲಿನಲ್ಲೊಂದು ಕಿತ್ತಳೆ

ಗೋಂದಿನ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ತಿಳಿಯದು. ನನಗೆ ಗಡ್ಡ ನೆನಪಾಗುತ್ತದೆ. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಮಗು ಹತ್ತಿಯ ಗಡ್ಡ ಅಂಟಿಸಿಕೊಂಡು ಬಾಗಿಲಿಗೆ ಬಂದು, "ತಾತಾ, ನಾನು ಸಂತ ನಿಕೋಲಾಸ್" ಎಂದಿತು. ಇವತ್ತು ಸಕಲ ಸಂತರ ಹಬ್ಬ ಎಂಬುದೇ ಮರೆತಿತ್ತು. ನನ್ನ ಹೆಂಡತಿ ಲಿಲ್ಲಿ ಹೋದ ಮೇಲೆ ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಹಾಳೆ ತಿರುವುವವರಿಲ್ಲ.

ತೊಂಬತ್ತರ ದಶಕದಲ್ಲಿ ನಾವು ಗುಜರಾತಿನ ವಡೋದರಾದಲ್ಲಿದ್ದೆವು. ನನ್ನ ಬ್ಯಾಂಕು ಅಲ್ಕಾಪುರಿ ಬಡಾವಣೆಯಲ್ಲಿ. ಪ್ರತಿ ವರ್ಷ ಈ ಹಬ್ಬಕ್ಕೆ ಲಿಲ್ಲಿ ಕಾಲೊನಿಯ ಮಕ್ಕಳಿಗೆಲ್ಲ ಸಂತರ ವೇಷ ಹಾಕಿಸಿ, ಕೇಸರಿಬಾತು, ಅಲ್ಲಿನ ತಿಂಡಿ ಖಮಣ್ ಹಂಚುತ್ತಿದ್ದಳು. ಸಂತ ಜಾರ್ಜರ ಕತ್ತಿಗೆ ಮೂವರು ಕಿತ್ತಾಡುವರು. ಅವರು ಕೊಂದ ಘಟಸರ್ಪವಾಗಲು ಯಾರೂ ಒಪ್ಪರು. ಕೊನೆಗೆ ಆ ಪಾತ್ರ ನನಗೇ. ಗಡ್ಡ ಅಂಟಿಸುವ ಕೆಲಸವೂ ನನ್ನದೇ. ನನ್ನ ಕೈಗೆ ಸಿಕ್ಕಿದ ಸಂತರೆಲ್ಲ ಅರ್ಧ ಉಣ್ಣೆ ಕತ್ತರಿಸಿದ ಕುರಿಗಳಂತೆ ಕಾಣುತ್ತಿದ್ದರು.

ಒಂದು ಮಳೆಗಾಲದಲ್ಲಿ ನಮ್ಮ ಒಬ್ಬಳೇ ಮಗಳು ರೀಟಾ ಜ್ವರ ಬಂದು ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಲಿಲ್ಲಿ ಸಮಾಧಿಯ ಕಡೆ ಹೋಗಲೇ ಇಲ್ಲ. ಸಂತರ ಹಬ್ಬದ ಮರುದಿನ ಮೃತರ ದಿನ; ಎಲ್ಲರೂ ಸಮಾಧಿಗೆ ಹೋಗುವ ದಿನ. ಅದನ್ನು ನೆನೆದು ನಾನು, "ಈ ವರ್ಷ ಪಾರ್ಟಿ ಬೇಡ" ಎಂದೆ.

"ಮಕ್ಕಳು ಕಾಯ್ತಿರ್ತವೆ ರೀ. ಪಾರ್ಟಿ ಮಾಡ್ತೀನಿ. ಮಾರನೇ ದಿನದ್ದು ಮಾತ್ರ ಕೇಳಬೇಡಿ."

ರಟ್ಟಿನ ಕಿರೀಟ ಕತ್ತರಿಸಿದಳು. ರವೆ ಹುರಿದಳು.

ಮೇಲಿನ ಮನೆಗೆ ಆ ವರ್ಷ ಸೂರತ್ತಿನಿಂದ ವರ್ಗವಾಗಿ ಬಂದಿದ್ದವರು ಧಾರವಾಡದ ಶಾಂತಾ. ಅವರ ಮಗಳು ಪಿಂಕಿಯ ಕನ್ನಡ 'ಬಾ, ಹೋಗು' ಎನ್ನುವಷ್ಟರಲ್ಲಿ ಮುಗಿಯುತ್ತಿತ್ತು. ಲಿಲ್ಲಿ ಅವಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, "ಸಂತರ ವೇಷ ಹಾಕ್ಕೊಂಡು ಬಾ" ಎಂದಿದ್ದಳು.

ಹಬ್ಬದ ದಿನ ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ತಮ್ಮ ಸಂತರ ಹೆಸರು ಹೇಳುತ್ತಿದ್ದರು. ಉಳಿದವರು "ನಮಗಾಗಿ ಪ್ರಾರ್ಥಿಸಿ" ಎನ್ನಬೇಕು. ಅಷ್ಟರಲ್ಲಿ ಬಾಗಿಲಿಗೆ ದೊಡ್ಡದೊಂದು ಕಿತ್ತಳೆ ಹಣ್ಣು ಸಿಕ್ಕಿಕೊಂಡಿತು. ಮೇಲೆ ಎರಡು ಹಸಿರು ಎಲೆ, ನಡುವೆ ಪಿಂಕಿಯ ಮುಖ. ಹಿಂದಿನಿಂದ ಶಾಂತಾ ತಳ್ಳುತ್ತಿದ್ದರು.

"ಲಿಲ್ಲಿಬೆನ್, ನೀವ ಹೇಳಿದ್ರಂತಲ್ರೀ, ಸಂತ್ರಾ ಆಗಿ ಬಾ ಅಂತ! ಕೂತು ಹೊಲದು ಹೊಲದು ನನ್ನ ಸೊಂಟಾ ಹೋತ್ರೀ. ಈಗ ನೋಡ್ರಿ, ಹಣ್ಣು ನಿಮ್ಮ ಬಾಗಲದಾಗ ಹಿಡಸವಲ್ದು!"

ಆ ಊರಿನಲ್ಲಿ ಸಂತ್ರಾ ಎಂದರೆ ಕಿತ್ತಳೆ. ನಾವು ಬಾಯಿ ತೆರೆಯುವ ಮೊದಲೇ ಪಿಂಕಿ ಉರುಳಿಕೊಂಡು ಬಂದು ಸಾಲಿಗೆ ಸೇರಿ, "ಸಂತ್ರಾ!" ಎಂದು ಕೂಗಿದಳು.

"ನಮಗಾಗಿ ಪ್ರಾರ್ಥಿಸಿ!" ಎಂದವು ಮಕ್ಕಳು, ಭಕ್ತಿಯಿಂದ.

ಲಿಲ್ಲಿ ಸೆರಗು ಬಾಯಿಗಿಟ್ಟುಕೊಂಡು ಗೋಡೆಗೊರಗಿ ಕೂತುಬಿಟ್ಟಳು. ನಕ್ಕಳು. ಆ ನಗು ಎಲ್ಲಿ ಅಳುವಾಯಿತೋ ನನಗೆ ತಿಳಿಯಲಿಲ್ಲ. ಎಲ್ಲರೂ ಮೆಚ್ಚಿದರೆಂದುಕೊಂಡು ಪಿಂಕಿ ಇನ್ನೊಮ್ಮೆ ಕೂಗಿದಳು.

ಸಂಜೆ ನೆಲಕ್ಕೆ ಬಿದ್ದ ಹತ್ತಿ ಗುಡಿಸುತ್ತಾ ಲಿಲ್ಲಿ ಕೇಳಿದಳು: "ನಾಳೆ ಚರ್ಚಿನಲ್ಲಿ ಪೂಜೆ ಎಷ್ಟು ಗಂಟೆಗೆ ರೀ?" ಮರುದಿನ ಸಮಾಧಿಯ ದಾರಿಯಲ್ಲಿ ನನಗಿಂತ ಮುಂದೆ ನಡೆದಳು.

ಆಮೇಲೆ ನನಗೆ ಮೈಸೂರಿಗೆ ವರ್ಗವಾಯಿತು. ಪಾತ್ರೆ, ಮಂಚ, ಹೊಲಿಗೆ ಮೆಷಿನ್ನು ಎಲ್ಲವೂ ಲಾರಿ ಹತ್ತಿದವು. ರೀಟಾಳನ್ನು ಅಲ್ಲೇ ಬಿಟ್ಟು ಬಂದೆವು.

ಈ ಬೇಸಿಗೆಯಲ್ಲಿ ಲಿಲ್ಲಿ ಹೋದಳು. ಅವಳ ಸಮಾಧಿಗೆ ನಾನಿನ್ನೂ ಹೋಗಿಲ್ಲ. ಕೇಳಿದವರಿಗೆ ಮಂಡಿನೋವು ಎನ್ನುತ್ತೇನೆ. ಈಗಷ್ಟೇ ಬೀದಿಯ ಅಂಗಡಿಗೆ ಹೋಗಿ ಮೇಣದ ಬತ್ತಿ ಕೇಳಿದೆ.

"ಒಂದು ಸಾಕಾ ಸಾರ್?"

"ಎರಡು ಕೊಡಪ್ಪ."

ನಾಳೆ ಎರಡನ್ನೂ ಒಂದೇ ಸಮಾಧಿಯ ಮೇಲೆ ಹಚ್ಚುತ್ತೇನೆ. ಯಾವುದು ಯಾರದೆಂದು ಲಿಲ್ಲಿಗೆ ಹೇಳಬೇಕಾಗಿಲ್ಲ.