ಕಷಾಯದ ಚರಟ

ನದಿಯೋಣಿಯ ಕುವಾಂಗ್ ವೈದ್ಯರ ಕಣ್ಣಿಗೆ ಸಮತೂಕದ ಪ್ರಾಣಿ ಬಿದ್ದದ್ದೇ ಇಲ್ಲ. ನಾಡಿ ಹಿಡಿದರೆ ಒಬ್ಬರಿಗೆ ಮೈಯ ತಂಪಾದ ಯಿನ್ ಬತ್ತಿರುತ್ತದೆ, ಇನ್ನೊಬ್ಬರಿಗೆ ಮೈಯ ಕಾವಾದ ಯಾಂಗ್ ಆರಿರುತ್ತದೆ. ಬಿಸಿಲು ಕಾಯಿಸುವ ಬೆಕ್ಕಿಗೂ ಯಾಂಗ್ ಕಡಿಮೆ, ಸೀದುಹೋದ ಚಹಾದ ಕೆಟಲಿಗೂ ಯಿನ್ ಕಡಿಮೆ. ಶಾವಿಗೆ ಸಾರು ಮಾರುವ ಮೇಫೆನ್ ಮೈಯುರಿಯೆಂದು ಹೋದಾಗ ಅವಳ ನಾಲಿಗೆ ನೋಡಿ ಗದರಿದರು: "ಒಲೆ ಧಗಧಗ ಉರೀತಿದೆ, ಪಾತ್ರೇಲಿ ನೀರೇ ಇಲ್ಲ! ಇನ್ಮೇಲೆ ಖಾರ ಮುಟ್ಟಿದ್ರೆ ನನ್ ಬಾಗ್ಲು ತುಳೀಬೇಡ." "ಖಾರ ಇಲ್ದೆ ಯಾಕಾದ್ರೂ ಬದುಕ್ಬೇಕು, ತಾತ?" ಎಂದಳು. "ನನ್ನ ಬೈಯೋಕಾದ್ರೂ ಬದುಕು," ಎಂದು ಪೊಟ್ಟಣಕ್ಕೆ ಇನ್ನೊಂದು ಹಿಡಿ ಕಹಿಬೇರು ಸೇರಿಸಿದರು. ಅವಳು ಬೈಯುತ್ತಲೇ ಕುದಿಸಿ ಸೋಸಿ ಕುಡಿದು, ಉಳಿದ ಚರಟವನ್ನು ಓಣಿಯ ವಾಡಿಕೆಯಂತೆ ದಾರಿಗೆ ಸುರಿಯುತ್ತಿದ್ದಳು. ತುಳಿದವರ ಕಾಲಿಗಂಟಿಕೊಂಡು ಕಾಯಿಲೆ ಮನೆ ಬಿಟ್ಟು ಹೋಗುತ್ತದಂತೆ. ಅದಕ್ಕೇ ಬುದ್ಧಿಯಿದ್ದವರೆಲ್ಲ ಚರಟ ಕಂಡರೆ ಸುತ್ತು ಹಾಕಿ ನಡೆಯುತ್ತಾರೆ. ಒಂದು ಬೆಳಗ್ಗೆ ಬಾಗಿಲ ಸಂದಿಯಿಂದ ನೋಡುತ್ತಾಳೆ, ಕುವಾಂಗ್ ವೈದ್ಯರು ಕೋಲೂರಿಕೊಂಡು ಬಂದು, ಅತ್ತಿತ್ತ ಕಣ್ಣಾಡಿಸಿ, ಅವಳ ಚರಟದ ಮೇಲೆ ಎರಡೂ ಕಾಲಿಟ್ಟು ಚೆನ್ನಾಗಿ ತುಳಿದು, ಪಕ್ಕದ ಮನೆಯ ಚರಟದತ್ತ ನಡೆದರು. ಅಂದಿನಿಂದ ಅವಳ ಚರಟ ಬೀಳುವುದು ಹಿತ್ತಲ ಗುಂಡಿಗೆ. ಖಾರವನ್ನೂ ಬಿಟ್ಟಿದ್ದಾಳೆ. ವೈದ್ಯರನ್ನು ಬೈಯುವುದನ್ನು ಮಾತ್ರ ಬಿಟ್ಟಿಲ್ಲ, ಬದುಕಬೇಕಲ್ಲ.