ಕಥೆಗೊಂದು ಬಾಳೆಹಣ್ಣು

"ಅಕ್ಕಾ, ಅಕಿಗೆ ಹಣ್ಣಿನ ಆಸೆ ತೋರಿಸಬ್ಯಾಡ. ನನಗ ತೋರಿಸಿದ್ದು ಸಾಕಾಗಿಲ್ಲೇನು?" ಎಂದು ತಮ್ಮ ನಕ್ಕ. ಕಲಬುರಗಿಯ ಅವನ ಮನೆಯಲ್ಲಿ ಅವನ ಮಗಳು ನನಗೆ ಕಥೆ ಓದಿ ಹೇಳುತ್ತಿದ್ದಳು. ಪೂರ್ತಿ ಓದಿದರೆ ಕಮಲಾಪುರದಿಂದ ತಂದ ಕೆಂಪು ಬಾಳೆಹಣ್ಣು ಕೊಡುತ್ತೇನೆ ಎಂದಿದ್ದೆ.

ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. ಚಿಕ್ಕಂದಿನಲ್ಲಿ ತಮ್ಮ ತಾನಾಗಿಯೇ ನನಗೆ ಓದಿ ಹೇಳುತ್ತಿದ್ದ. ಇನ್ನೂ ಹೆಚ್ಚು ಓದಲೆಂದು ಕಥೆಗೊಂದು ಹಣ್ಣು ಕೊಡತೊಡಗಿದೆ. ಹಣ್ಣು ಮುಗಿದ ದಿನ, "ಹಣ್ಣಿಲ್ಲಂದ್ರ ಯಾಕ ಓದ್ಲಿ?" ಎಂದು ಪುಸ್ತಕ ಮುಚ್ಚಿಟ್ಟ. ಮತ್ತೆಂದೂ ಕಥೆ ಪುಸ್ತಕ ಹಿಡಿಯಲಿಲ್ಲ. ಎಲ್ಲರೆದುರು ಅವನನ್ನೇ ಸೋಮಾರಿ ಎಂದು ಬೈದೆ. ನನ್ನ ತಪ್ಪನ್ನು ಯಾರಿಗೂ ಹೇಳಲಿಲ್ಲ.

ಹಣ್ಣನ್ನು ಚೀಲಕ್ಕೆ ಹಾಕಿ, "ಮುಂದೇನಾತವ್ವ?" ಎಂದು ಕೇಳಿದೆ. ಹುಡುಗಿ ಪುಟ ತಿರುವಿದಳು. ತಮ್ಮನೂ ಕೇಳುತ್ತ ಕುಳಿತ.