ಸೌಂದರ್ಯ ಓಡಿಸಿದ ಖಾಲಿ ಸಾಲು

ಪ್ರೋಟೀನು ಪತ್ತೆಹಚ್ಚಲೆಂದು ಲ್ಯಾಬುಗಳಿಗೆ ಮಾರುವ ಆಂಟಿಬಾಡಿಗಳಲ್ಲಿ ಎಷ್ಟೋ, ಹಿಡಿಯಬೇಕಾದ ಪ್ರೋಟೀನನ್ನು ಬಿಟ್ಟು ಬೇರೇನನ್ನೋ ಹಿಡಿಯುತ್ತವೆ. ಇದು ಗುಟ್ಟಲ್ಲ, ವಿಜ್ಞಾನಿಗಳೇ ವರ್ಷಗಳಿಂದ ಬರೆಯುತ್ತಿದ್ದಾರೆ. ಆದರೂ "ಕ್ಯಾನ್ಸರ್ ಪ್ರೋಟೀನ್ ಪತ್ತೆ" ಎಂಬ ತಲೆಬರಹಕ್ಕೆ ನಮ್ಮಲ್ಲಿ ಬರಗಾಲವಿಲ್ಲ.

ಕುರುಗೋಡಿನ ಸೌಂದರ್ಯಳಿಗೂ ಇದು ಗೊತ್ತಿತ್ತು. ಬಳ್ಳಾರಿಯ ಒಂದು ಲ್ಯಾಬಿನಲ್ಲಿ ಅವಳ ಪಿಎಚ್‌ಡಿ. ವಿಷಯ, ಟೈರೋಸಿನ್ ಕೈನೇಸ್ ಎಂಬ ಗುಂಪಿನ ಒಂದು ಪ್ರೋಟೀನು. ಕೋಶಕ್ಕೆ ಬೆಳೆಯೆಂದು ಅಪ್ಪಣೆ ಕೊಡುವುದು ಅದೇ. ಹದ ತಪ್ಪಿದರೆ ಗಡ್ಡೆ. ಕೋಶಗಳನ್ನು ಒಡೆದು, ಆ ರಸವನ್ನು ಜೆಲ್‌ನ ಸಾಲುಗಳಲ್ಲಿ ಓಡಿಸಿ, ತೆಳು ಹಾಳೆಗೆ ಇಳಿಸಿ, ಆಂಟಿಬಾಡಿ ಸುರಿದರೆ, ಪ್ರೋಟೀನಿದ್ದಲ್ಲಿ ಕಪ್ಪು ಪಟ್ಟಿ ಮೂಡಬೇಕು.

ಸೌಂದರ್ಯಳ ಪಟ್ಟಿ ಮಸುಕು. ಅದೇ ಪ್ರೋಟೀನು ಹುಡುಕುತ್ತಿದ್ದ ಎದುರು ಮೇಜಿನ ಮೇಘಾಳದ್ದು ಕಾಡಿಗೆ ತೀಡಿದಂತೆ. ಮೇಘಾ ಸಿರುಗುಪ್ಪದವಳು, ತಂದೆ ಅಕ್ಕಿ ಗಿರಣಿಯಲ್ಲಿ ಹಮಾಲಿ. ಅವಳ ಪ್ರಬಂಧ ಪ್ರಕಟಣೆಗೆ ಒಪ್ಪಿತವಾದ ದಿನ ಗೈಡ್ ದೊಡ್ಡಬಸವರಾಜ ಬ್ರೂಸ್‌ಪೇಟೆಯಿಂದ ಮೈಸೂರುಪಾಕು ತರಿಸಿದರು. ಸೌಂದರ್ಯ ತನ್ನ ತುಂಡನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದಳು. ಮನೆಗೆ ಬಂದರೆ ತಾಯಿ ಚನ್ನವೀರಮ್ಮನ ಕುಟುಕು: "ಆ ಹಮಾಲನ ಮಗಳು ಮುಂದ ಹೋದ್ಲಂತಲ್ಲ! ನೀ ಏನ್ ದನಾ ಕಾಯಾಕ ಹೋಗ್ತಿಯೇನಲೇ ಅಲ್ಲಿಗೆ?"

ಈ ಹೊಟ್ಟೆಕಿಚ್ಚಿಗೆ ಜಾತಿಯ ಗಾಳಿಯೂ ತಗುಲಿತ್ತು. ಮುಚ್ಚಿಡುವುದು ಬೇಡ. ಆ ಲ್ಯಾಬಿನಲ್ಲಿ ಒಮ್ಮೆ ಬಳಸಿದ ಆಂಟಿಬಾಡಿ ದ್ರಾವಣವನ್ನು ಚೆಲ್ಲುವುದಿಲ್ಲ. ಫ್ರಿಜ್ಜಿನಲ್ಲಿಟ್ಟು ಸರದಿಯಂತೆ ಬಳಸುತ್ತಾರೆ. ಮೇಘಾ ಬಳಸಿದ ಮೇಲೆ ಸೌಂದರ್ಯಳಿಗೆ. ಅವಳ ಎಂಜಲು ತನಗೆ ಎಂಬುದೇ ದೊಡ್ಡ ಉರಿ.

ಮೇಘಾಳ ಪಟ್ಟಿ ಸುಳ್ಳಿರಲೇಬೇಕು ಎಂದು ಅವಳಿಗೆ ಹಟ ಹಿಡಿಯಿತು. ಸಾಬೀತು ಮಾಡಲು ದಾರಿಯೂ ಇತ್ತು: ಆ ಪ್ರೋಟೀನೇ ಇಲ್ಲದ ಕೋಶಗಳ ರಸವನ್ನು ಒಂದು ಸಾಲಿನಲ್ಲಿ ಓಡಿಸುವುದು. ಅಲ್ಲಿ ಪಟ್ಟಿ ಮೂಡಬಾರದು. ಅಂಥ ಖಾಲಿ ಸಾಲು ದಂಡವೆಂದು ಆ ಲ್ಯಾಬಿನಲ್ಲಿ ಯಾರೂ ಓಡಿಸುತ್ತಿರಲಿಲ್ಲ. ಸೌಂದರ್ಯ ಹೈದರಾಬಾದಿನ ಗೆಳತಿ ಜ್ಯೋತಿಯಿಂದ, ಆ ಜೀನನ್ನೇ ತೆಗೆದುಹಾಕಿದ ಕೋಶಗಳ ರಸವನ್ನು ಐಸಿನಲ್ಲಿ ತರಿಸಿ, ಯಾರಿಗೂ ಹೇಳದೆ ಓಡಿಸಿದಳು. ಖಾಲಿ ಸಾಲಿನಲ್ಲೂ ದಟ್ಟ ಪಟ್ಟಿ. ಖುಷಿಯಲ್ಲಿ ಅದರ ಚಿತ್ರವನ್ನು ಮೇಘಾಳೆದುರೇ ಗೈಡ್ ಮುಂದಿಟ್ಟಳು.

"ನೋಡ್ರಿ ಸರ್, ಪ್ರೋಟೀನಾ ಇಲ್ಲದಲ್ಲಿ ಪಟ್ಟಿ ಬಂದೈತಿ. ಮೇಘಾಂದು ಎಲ್ಲಾ ಸುಳ್ಳು."

ಮೇಘಾ ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಖರೇ ಐತಕ್ಕ. ಆದ್ರ ನಮ್ಮಿಬ್ಬರದೂ ಒಂದಾ ಬಾಟ್ಲಿ ಅಲ್ಲೇನು? ನಿಂದೂ ಹೋತಲ್ಲ."

ಸೌಂದರ್ಯ ಚಿತ್ರವನ್ನು ಹಿಂದಕ್ಕೆ ಕಿತ್ತುಕೊಂಡಳು. ಮುಗಿಯಲು ಬಂದಿದ್ದ ಅವಳ ಪಿಎಚ್‌ಡಿ ಪೂರ್ತಿ ಆ ಬಾಟ್ಲಿಯ ಮೇಲೆ ನಿಂತಿತ್ತು.

"ಆ ಸಾಲು ಕತ್ತರಿಸಿಬಿಡ್ರಮ್ಮ," ಎಂದರು ಗೈಡ್. "ಯಾರು ಕೇಳ್ತಾರ?"

"ನಾ ಅಂತೂ ನನ್ನ ಪೇಪರ್ ವಾಪಸ್ ತಗೋತೀನ್ರಿ ಸರ್," ಎಂದಳು ಮೇಘಾ.

ಸೌಂದರ್ಯ ಸುಮ್ಮನಿದ್ದರೆ ಸಾಕಿತ್ತು. ಮೇಘಾ ಬೀಳುತ್ತಿದ್ದಳು, ತನ್ನದು ಉಳಿಯುತ್ತಿತ್ತು. ಆದರೆ ಎಲ್ಲರೂ "ಎಂಥಾ ನಿಯತ್ತಿನ ಹುಡುಗಿ" ಎಂದು ಮೇಘಾಳನ್ನು ಹೊಗಳುವುದು ಈಗಲೇ ಕಿವಿಗೆ ಬಿದ್ದಂತಾಯಿತು. ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ನಂದೂ ತಪ್ಪಂತ ನಿನಗಿಂತ ಮೊದ್ಲ ನಾ ಬರೀತೀನಿ!" ಎಂದು ಕಂಪ್ಯೂಟರಿನ ಮುಂದೆ ಕುಳಿತಳು.

"ಬರಿಯಕ್ಕ, ಇದ್ರಾಗರ ನೀನಾ ಫಸ್ಟ್ ಬಾ," ಎಂದು ಮೇಘಾ ಕಣ್ಣೀರಿನಲ್ಲೇ ನಕ್ಕಳು.

ಕತ್ತರಿಸದ ಆ ಚಿತ್ರ ವಿಶ್ವವಿದ್ಯಾಲಯಕ್ಕೆ ಹೋಯಿತು, ಮೇಘಾಳ ಪೇಪರ್ ವಾಪಸಾಯಿತು. ಈಗ ಇಬ್ಬರೂ ಬೇರೆ ಆಂಟಿಬಾಡಿ ಹಿಡಿದು ಮೊದಲಿನಿಂದ ಶುರು ಮಾಡಿದ್ದಾರೆ. ಸೌಂದರ್ಯಳ ಉರಿ ಆರಿಲ್ಲ. ಮೇಘಾಳ ಖಾಲಿ ಸಾಲು ತನ್ನದಕ್ಕಿಂತ ಚೊಕ್ಕವಾಗಿದೆಯಂತೆ!

ಒಂದು ಸುಳ್ಳು ಹೊರಬರಲು ಹೊಟ್ಟೆಕಿಚ್ಚೇ ಬೇಕಾಯಿತಲ್ಲ, ಥೂ! ಎಲ್ಲ ಲ್ಯಾಬಿನಲ್ಲೂ ಒಬ್ಬ ಸೌಂದರ್ಯ ಉರಿಯುತ್ತ ಕುಳಿತಿರುವುದಿಲ್ಲ. ಕ್ಯಾನ್ಸರ್ ಪ್ರೋಟೀನು ಸಿಕ್ಕಿತೆಂದು ನಿಮ್ಮೂರಿನ ವೇದಿಕೆಯಲ್ಲಿ ಯಾರಾದರೂ ಶಾಲು ಹೊದ್ದು ನಿಂತರೆ, ಚಪ್ಪಾಳೆ ತಟ್ಟಬೇಡಿ. ಎದ್ದು ನಿಂತು ಕೇಳಿ: ಪ್ರೋಟೀನಿಲ್ಲದ ಸಾಲು ಎಲ್ಲಿ? ತೋರಿಸುವ ತನಕ ಕುಳಿತುಕೊಳ್ಳಬೇಡಿ.